ಮೊದಲ ನೀರು

೧೮೫೪ನೇ ಇಸವಿ, ಮಾರ್ಚ್ ೧೪, ಮಂಗಳವಾರ. ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ನ್ಯೂಯಾರ್ಕಿನ ಒಂದು ವಾರ್ಡ್ ಠಾಣೆಗೆ ಹೊನೋರಾ ಗಿಯರಿ ಬಂದಳು. ಬಟ್ಟೆ ಒಗೆದು ಬದುಕುವ ವಿಧವೆ. ಶಾಲಿನ ಅಂಚು ಕರಕಲಾಗಿತ್ತು.

"ಕೂತ್ಕೊಳಮ್ಮ," ಎಂದ ಕ್ಯಾಪ್ಟನ್ ಕಾರ್ನೀಲಿಯಸ್ ಟಿಯರ್ನಿ.

"ಕೂರಕ್ಕೆ ಬಂದಿಲ್ಲ, ಬರ್ಕೊಳ್ಳಿ. ನಿನ್ನೆ ಸಾಯಂಕಾಲ ನಾಲ್ಕಕ್ಕೆ ನಮ್ಮನೆಗೆ ಬೆಂಕಿ ಬಿತ್ತು. ಬೆಂಕಿ ಆರಿಸೋ ಕರಡಿ ಕಂಪನಿಯೋರು ನೀರಿನ ಎಂಜಿನ್ ಎಳ್ಕೊಂಡು ಓಡಿ ಬಂದ್ರು. ಬೀದಿ ನಲ್ಲಿ ಮೇಲೆ ಯಾವನೋ ಪೀಪಾಯಿ ಕವಚಿ ಕೂತಿದ್ದ. ಕರಡಿಯೋರಿಗೆ ನೀರು ಬಿಡದೆ, ತನ್ನ ಕಂಪನಿ ಬರೋತನಕ ಏಳ್ಲೇ ಇಲ್ಲ. ನನ್ ಮಗಳು ವಿನಿ ಮಾಳಿಗೇಲಿದ್ಲು."

"ಮುಖ ನೋಡಿದ್ಯಾ?"

"ಬರೀ ಹೊಗೆ. ಬೀದಿಯೋರೆಲ್ಲ ನೋಡಿದಾರೆ, ಬಾಯಿ ಬಿಡೋರಿಲ್ಲ. ನಾಳೆ ಹತ್ತಕ್ಕೆ ಮಣ್ಣು. ಅವನ ಹೆಸರು ನಿಮ್ಮ ಪುಸ್ತಕದಲ್ಲಿ ಬೀಳದೆ ನಾನು ನನ್ನ ಮಗಳ ಮೇಲೆ ಮಣ್ಣು ಹಾಕಲ್ಲ."

ದೂರು ದಾಖಲಾಯಿತು. ಟಿಯರ್ನಿ ಎಷ್ಟು ಒತ್ತಿ ಬರೆದನೆಂದರೆ ಲೇಖನಿಯ ಮೊನೆ ಮುರಿಯಿತು.

ಹತ್ತೂವರೆಗೆ ಸ್ಥಳ ಪಂಚನಾಮೆ. ಬೀದಿಯ ತುಂಬ ಬೂದಿ ಕವಿದಿತ್ತು. ನಲ್ಲಿಯ ಸುತ್ತ ಮಾತ್ರ ಪೀಪಾಯಿಯ ಬಾಯಿಯಷ್ಟು ಅಗಲಕ್ಕೆ ಬರಿಯ ಕೆಸರು.

"ಬೂದಿ ಸುರಿಯೋ ಅಷ್ಟು ಹೊತ್ತೂ ಪೀಪಾಯಿ ಇಲ್ಲೇ ಇತ್ತು ಸಾಹೇಬ್ರೇ," ಎಂದ ಕಾನ್‌ಸ್ಟೇಬಲ್ ಶೇಫರ್, ಅಳತೆ ಹಗ್ಗ ಸುತ್ತುತ್ತ.

ಎದುರಿಗೇ ಗಿಲ್ಹೂಲಿಯ ಸಿಂಪಿ ಅಂಗಡಿ, ಕಡಲ ಚಿಪ್ಪುಮಾಂಸವನ್ನು ಪೀಪಾಯಿಗಳಲ್ಲಿ ತುಂಬಿ ಮಾರುವ ಜಾಗ.

"ಯಾರು ಕೂತಿದ್ದು?" ಎಂದು ಟಿಯರ್ನಿ ಕೇಳಿದ.

"ಸಿಂಪಿ ಬಿಡಿಸ್ತಿದ್ದೆ ಸಾಹೇಬ್ರೇ. ತಲೆ ಎತ್ತಿದ್ರೆ ಬೆರಳು ಹೋಗುತ್ತೆ."

"ನಿನ್ನ ಪೀಪಾಯಿ ಒಂದು ಕಮ್ಮಿ ಇದೆ."

"ಅದೂ ಹೋಯ್ತು," ಎಂದು ಅವನು ಶಿಲುಬೆಯ ಗುರುತು ಹಾಕಿಕೊಂಡ. ಆ ಭಯ ದೇವರದ್ದಲ್ಲವೆಂದು ಟಿಯರ್ನಿಗೆ ಗೊತ್ತಿತ್ತು.

ಮಧ್ಯಾಹ್ನ ಮೂರಕ್ಕೆ ಟಿಯರ್ನಿ, ಶೇಫರ್ ಇಬ್ಬರೂ ಕರಡಿಯವರ ಎದುರಾಳಿ ಹಂಸ ಕಂಪನಿಯ ಎಂಜಿನ್ ಮನೆಗೆ ಹೋದರು. ಅಲ್ಲಿ ಡೆನಿಸ್ ಮಲ್ಕ್ವೀನ್ ಹೇಳಿದ್ದೇ ಕಾನೂನು. ಬೆಂಕಿ ಬಿದ್ದರೆ ಅವನ ಪುಂಡರ ದಂಡೇ ಎಂಜಿನ್ ಎಳೆಯುತ್ತಿತ್ತು. ಬೀಳದ ದಿನ ವಾರ್ಡಿನವರನ್ನು ಬಡಿಯುತ್ತಿತ್ತು. ತೊಲೆಗೆ ಪೀಪಾಯಿಗಳು ತೂಗಾಡುತ್ತಿದ್ದವು, ಬೇರೆ ಕಂಪನಿಯನ್ನು ಹಿಂದಿಕ್ಕಿ ಮೊದಲ ನೀರು ಹೊಡೆದ ಒಂದೊಂದು ಬೆಂಕಿಗೆ ಗೆಲುವಿನ ಗುರುತಾಗಿ ಒಂದೊಂದು. ಕೊನೆಯದರ ಮೇಲೆ 'ಮಾರ್ಚ್ ೧೩' ಎಂಬ ಬಿಳಿ ಬಣ್ಣ ಇನ್ನೂ ಒಣಗಿರಲಿಲ್ಲ. ತಳದಲ್ಲಿ ಗಿಲ್ಹೂಲಿಯ ಮುದ್ರೆ.

"ಇದರ ಮೇಲೆ ಯಾರು ಕೂತಿದ್ದು?"

"ಅದೇ ನಡ್ಕೊಂಡು ಹೋಗಿ ಕೂತಿರ್ಬೇಕು," ಎಂದ ಮಲ್ಕ್ವೀನ್. ಮೂವತ್ತು ಜನ ಗೊಳ್ಳೆಂದು ನಕ್ಕರು.

ಟಿಯರ್ನಿಯ ಕಣ್ಣು ಕೆಂಪಾಯಿತು. ದೊಣ್ಣೆಯ ಮೇಲಿದ್ದ ಕೈಯನ್ನು ಬಲವಂತದಿಂದ ತೆಗೆದ. ಜೈಲಿಗೆ ಹೆದರದ ಈ ಜನ ಯಾವುದಕ್ಕೆ ಹೆದರುತ್ತಾರೆಂದು ಅವನು ಬಲ್ಲ.

"ಶೇಫರ್, ಬರ್ಕೋ. ಪೀಪಾಯಿ ಮೇಲೆ ಕೂತವನು ಕರಡಿ ಕಂಪನಿಯವನು. ಅವನನ್ನ ಎಬ್ಬಿಸಕ್ಕಾಗದೆ ಹಂಸದೋರು ಸುಮ್ನೆ ನಿಂತಿದ್ರು. ಮೊದಲ ನೀರು ಕರಡಿಯೋರದ್ದು. ಪತ್ರಿಕೆಗೂ ಇದನ್ನೇ ಕೊಡು."

"ಥೂ, ಸುಳ್ಳು!" ಮಲ್ಕ್ವೀನ್ ಜಿಗಿದೆದ್ದ. "ನಾನು ಕೂತಿದ್ದು! ಇಪ್ಪತ್ತು ನಿಮಿಷ! ಕರಡಿಯೋರು ನಾಲ್ಕು ಜನ ಬಡಿದ್ರು, ಏಳಲಿಲ್ಲ ನಾನು. ಇಲ್ನೋಡು, ಮುರಿದ ಹಲ್ಲು!"

ಟಿಯರ್ನಿ ಅವನೆದುರಿಗೆ ಬಂದು ನಿಂತ.

"ಮಾಳಿಗೆಯಿಂದ ಹುಡುಗಿ ಕೂಗಿದ್ದು ಕೇಳಿಸ್ಲಿಲ್ವೇನೋ?"

"ಕೇಳಿಸ್ತು." ದನಿ ಇಳಿಯಿತು. "ನಮ್ ಎಂಜಿನ್ ತಿರುವಿಗೆ ಬಂದಿತ್ತು. ಇನ್ನೊಂದೇ ನಿಮಿಷ ಅಂದ್ಕೊಂಡೆ."

ಮೂರು ನಲವತ್ತಕ್ಕೆ ಬಂಧನ. ಕೋಳ ಬೀಳುವಾಗ ಮಲ್ಕ್ವೀನ್ ಹಲ್ಲು ಕಚ್ಚಿ ಹೇಳಿದ: "ಕೂರೋದು ಕಲಿಸಿದ್ದು ಯಾರು, ಕಾರ್ನಿ ಅಣ್ಣ? ನಿನ್ನ ಪೀಪಾಯಿನೂ ಇದೇ ತೊಲೇಲಿದೆ."

ಟಿಯರ್ನಿ ಕೋಳಕ್ಕೆ ಬೀಗ ಹಾಕಿದ.

ಮಲ್ಕ್ವೀನನ ಹೇಳಿಕೆ ಒಂದೇ ಪುಟ. ಈ ದೇಶಕ್ಕೆ ಬರುವ ಹಡಗಿನಲ್ಲಿ ತಾಯಿ ಸತ್ತಳು, ಸಮುದ್ರಕ್ಕೆ ಹಾಕಿದರು. ಈ ಊರು ಅವನನ್ನು ನಾಯಿ ಎಂದೇ ಕರೆಯಿತು. ಹಂಸದ ಎಂಜಿನ್ ಎಳೆಯುವ ಹಗ್ಗ ಹಿಡಿದ ದಿನ ಬೀದಿ ಮೊದಲ ಸಲ ಹೆಸರು ಹಿಡಿದು ಕೂಗಿತು. ಆ ಕೂಗೊಂದು ಕೇಳುತ್ತಿದ್ದರೆ ಅವನಿಗೆ ಬೇರೆ ಯಾರ ಕೂಗೂ ಬೇಕಿರಲಿಲ್ಲ. ಟಿಯರ್ನಿ ಎಲ್ಲವನ್ನೂ ಹಾಗೆಯೇ ಬರೆದುಕೊಂಡ. ಸಿಟ್ಟು ಇಳಿಯಲಿಲ್ಲ.

ಬುಧವಾರ ಹತ್ತಕ್ಕೆ ಐದು ನಿಮಿಷ ಮೊದಲು ಅವನು ಪುಸ್ತಕವನ್ನು ಸಮಾಧಿಯ ಹತ್ತಿರಕ್ಕೇ ಒಯ್ದ. ಓದು ಬಾರದ ಹೊನೋರಾ ಬೆರಳಿಟ್ಟಳು.

"ಇದಾ?"

"ಅದೇ. ಡೆನಿಸ್ ಮಲ್ಕ್ವೀನ್."

"ಕೆಳಗಿರೋದು?"

"ನಂದು. ಹನ್ನೊಂದು ವರ್ಷದ ಹಿಂದೆ ನಾನೂ ಹೀಗೇ ಕೂತಿದ್ದೆ. ಅವತ್ತು ಯಾರೂ ಸಾಯ್ಲಿಲ್ಲ, ಅಷ್ಟೆ."

ಅವಳು ಬಗ್ಗಿ ಒಂದು ಹಿಡಿ ಮಣ್ಣು ಹಾಕಿದಳು. ಟೋಪಿ ತೆಗೆದು ಟಿಯರ್ನಿಯೂ ಮಣ್ಣಿಗೆ ಬಗ್ಗಿದಾಗ ಅವನ ಮಣಿಕಟ್ಟು ಹಿಡಿದಳು.

"ನೀನು ಬೇಡ."