ನಾಳೆಯ ತಾರೀಖು

ತಾರೀಖು 9-12-1963, ಸೋಮವಾರ. ಬೆಳಿಗ್ಗೆ ಒಂಬತ್ತೂಕಾಲಿಗೆ ಶಿರಸಿಯ ಠಾಣೆಗೆ ಶಿಕ್ಷಕರ ತರಬೇತಿ ಕಾಲೇಜಿನ ಪ್ರಿನ್ಸಿಪಾಲರು ಖುದ್ದಾಗಿ ಬಂದರು. ಅಡಿಕೆ ಮೂಟೆ ಹೋಯಿತು, ಸೈಕಲ್ ಹೋಯಿತು ಎಂದು ಅಳುವವರನ್ನು ಫೌಜದಾರ ಶಿವಲಿಂಗಪ್ಪ ಮೂವತ್ತು ವರ್ಷದಿಂದ ಕಂಡಿದ್ದ. ಮಾರ್ಕಿನ ಪುಸ್ತಕ ಹೋಯಿತು ಎಂದು ಬಂದವರು ಇವರೇ ಮೊದಲು. ಪಿಂಚಣಿಗೆ ಇನ್ನೆರಡು ವರ್ಷವಿತ್ತು. ಇದನ್ನೂ ನೋಡಿಯೇ ಹೋಗಬೇಕೆಂದು ಹಣೆಯಲ್ಲಿ ಬರೆದಿತ್ತೇನೋ ಎಂದುಕೊಂಡು ಎಫ್‌ಐಆರ್ ಪುಸ್ತಕ ಎಳೆದುಕೊಂಡ.

ಪ್ರಿನ್ಸಿಪಾಲರು ಹೇಳಿದ್ದು ಇಷ್ಟು. ಕಾಲೇಜಿನಲ್ಲಿ ಬಿ.ಎಡ್. ಓದುವವರು ಅರವತ್ತು ಮಂದಿ. ಮೊದಲ ಟರ್ಮಿನಲ್ಲಿ ಒಬ್ಬೊಬ್ಬರೂ ಶಾಲೆಯ ಮಕ್ಕಳೆದುರು ಹತ್ತು ಪಾಠ ಮಾಡಿ ತೋರಿಸಬೇಕು. ನೂರಕ್ಕೆ ನಲವತ್ತೈದು ಬಾರದವರನ್ನು ಎರಡನೇ ಟರ್ಮಿಗೆ ಇಟ್ಟುಕೊಳ್ಳುವಂತಿಲ್ಲ, ಮನೆಗೆ ಕಳಿಸಬೇಕು. ಬುಧವಾರ ಧಾರವಾಡದಿಂದ ಕಮಿಟಿ ಬರುತ್ತದೆ. ಆ ಮಾರ್ಕುಗಳಿದ್ದ ಒಂದೇ ರಿಜಿಸ್ಟರು ಪಾಠದ ಹಾಲಿನ ಕಪಾಟಿನಿಂದ ಹೋಗಿದೆ.

"ನಲವತ್ತೈದು ಬರಲಾರದವರು ಎಷ್ಟು ಮಂದಿ?" ಎಂದು ಶಿವಲಿಂಗಪ್ಪ ಕೇಳಿದ.

"ಒಬ್ಬರೇ. ನಾಗಪತಿ ಮಾಸ್ತರು."

ಹತ್ತೂವರೆಗೆ ಪಂಚನಾಮೆ ಶುರುವಾಯಿತು. ಕಪಾಟಿನ ಕೊಂಡಿಯನ್ನು ನಕ್ಷೆ ತೂಗುಹಾಕುವ ಕಬ್ಬಿಣದ ಸರಳಿನಿಂದ ಮೀಟಿದ್ದರು. ಬಾಗಿಲಿನ ಬೀಗ ನೆಟ್ಟಗಿತ್ತು. ಅದರ ಒಂದು ಕೀಲಿ ಅಧ್ಯಾಪಕರ ಕೋಣೆಯ ಮೊಳೆಗೆ ನೇತಾಡುತ್ತಿತ್ತು, ಯಾರು ಬೇಕಾದರೂ ತೆಗೆಯಬಹುದಿತ್ತು. ಶನಿವಾರ ಸಂಜೆ ಐದೂವರೆಗೆ ಬೀಗ ಹಾಕಿದ್ದು ಜವಾನ ಚೌಡ, ಈ ದಿನ ತೆಗೆದದ್ದೂ ಅವನೇ. ಕಪಾಟು ನೋಡಿ ಹೆದರಿ, ಒಳಗೆ ಕಾಲಿಡದೆ ಓಡಿದ್ದ.

ಹೆಡ್ ಕಾನ್‌ಸ್ಟೇಬಲ್ ಕೆರಿಯಪ್ಪ ಬೆಂಚಿನ ಮೇಲೆ ಕೂತು ಬರೆಯತೊಡಗಿದ. ಅವನಿಗೆ ತಾರೀಖು ಎಂದೂ ನೆನಪಿರದು. ತಲೆಯೆತ್ತಿ ಕಪ್ಪುಹಲಗೆ ನೋಡಿ ನಕಲು ಮಾಡಿಕೊಂಡ. ಹಲಗೆಯನ್ನು ಮೇಲಿಂದ ಕೆಳಗೆ ಚೊಕ್ಕಟವಾಗಿ ಒರೆಸಲಾಗಿತ್ತು. ಬಲಮೂಲೆಯಲ್ಲಿ ದುಂಡಗೆ 'ಸೋಮವಾರ, 9-12-1963' ಎಂದು ಬರೆದಿತ್ತು.

ಶಿವಲಿಂಗಪ್ಪ ಆ ಅಕ್ಷರಗಳನ್ನೇ ನೋಡಿದ. ಶನಿವಾರದಿಂದ ಬೀಗ ಹಾಕಿದ್ದ ಹಾಲಿನಲ್ಲಿ ಸೋಮವಾರದ ತಾರೀಖು ಬರೆದವರಾರು? ಚೌಡನಿಗೆ ಅಕ್ಷರವೇ ಬಾರದು. ಬೀಗ ಹಾಕಿದ ಮೇಲೆ ಬಂದವನೇ ಬರೆದಿರಬೇಕು. ಕಳ್ಳತನಕ್ಕೆ ಬಂದವನು ಹಲಗೆ ಒರೆಸಿ ತಾರೀಖು ಹಾಕಿ ಹೋಗುವುದೆಂದರೇನು, ಇವನೆಂಥ ಕಳ್ಳನಪ್ಪಾ ಎಂದು ಅವನಿಗೆ ತಲೆ ಚಿಟ್ಟುಹಿಡಿಯಿತು.

ಉತ್ತರ ಹುಡುಕಿಕೊಂಡು ದೂರ ಹೋಗಬೇಕಾಗಲಿಲ್ಲ. ಕೆರಿಯಪ್ಪ ತರಬೇತಿಯವರನ್ನು ವಿಚಾರಿಸಿದ ಕೂಡಲೇ ಅವರು ನಕ್ಕುಬಿಟ್ಟರು. ಅದು ನಾಗಪತಿ ಮಾಸ್ತರರ ಪದ್ಧತಿ. ಪಾಠ ಮುಗಿಸಿ ಹೊರಡುವ ಮುಂಚೆ ಹಲಗೆ ಒರೆಸಿ ಮುಂದಿನ ಶಾಲೆಯ ದಿನದ ತಾರೀಖು ಹಾಕಿಸಲೇಬೇಕು, ಇಲ್ಲದಿದ್ದರೆ ಅವರಿಗೆ ಸಮಾಧಾನವಿಲ್ಲ. ಆ ಗಡಿಬಿಡಿಯಲ್ಲಿ ಗಂಟೆ ಮೀರಿ ಹೋಗಿ ಮಾರ್ಕೂ ಕಳೆದುಕೊಂಡಿದ್ದರಂತೆ.

ಹನ್ನೆರಡಕ್ಕೆ ನಾಗಪತಿಯನ್ನು ಹಾಲಿಗೆ ಕರೆಸಿದರು. ವಯಸ್ಸು ನಲವತ್ತಮೂರು, ಊರು ಸಿದ್ದಾಪುರದ ಹತ್ತಿರ, ರೈತರ ಮನೆತನ. ಹದಿನೆಂಟು ವರ್ಷ ಕನ್ನಡ ಶಾಲೆಯಲ್ಲಿ ದುಡಿದು, ಮನೆಯಲ್ಲೇ ಓದಿ ಬಿ.ಎ. ಪಾಸು ಮಾಡಿಕೊಂಡವರು. ಯಲ್ಲಾಪುರದ ಹೈಸ್ಕೂಲೊಂದು ಅವರನ್ನು ತೆಗೆದುಕೊಂಡಿತ್ತು, ಆದರೆ ಬಿ.ಎಡ್. ಆಗಲೇಬೇಕೆಂಬ ಷರತ್ತಿನ ಮೇಲೆ. ಆಗದಿದ್ದರೆ ಹೈಸ್ಕೂಲೂ ಇಲ್ಲ, ಬಿಟ್ಟುಬಂದ ಹಳೆಯ ಶಾಲೆಯೂ ಇಲ್ಲ.

ಮಾಸ್ತರರು ಕಪಾಟಿನತ್ತ ತಿರುಗಿ ಕೂಡ ನೋಡಲಿಲ್ಲ. ಹಲಗೆ ನೋಡಿದರು. ಆ ದುಂಡಕ್ಷರಗಳ ಹತ್ತಿರ ಹೋಗಿ ನಿಂತರು.

"ನಾನೇ ತೆಗ್ದದ್ದು," ಅಂದರು.

"ಎಲ್ಲಿ ಇಟ್ಟೀರಿ?" ಎಂದು ಶಿವಲಿಂಗಪ್ಪ ಕೇಳಿದ.

ಮಾಸ್ತರರು ಕಿಟಕಿಯ ಕಡೆ ತಿರುಗಿದರು.

"ಕೊಂಡಿ ಯಾತರಿಂದ ಮೀಟಿದ್ರಿ?"

"ಕತ್ತಿಯಿಂದ."

ಮೀಟಿದ್ದು ಸರಳಿನಿಂದ ಎಂಬುದೂ ಇವರಿಗೆ ಗೊತ್ತಿರಲಿಲ್ಲ. ಶಿವಲಿಂಗಪ್ಪನಿಗೆ ದಣಿವಿನ ಜೊತೆ ಸಿಟ್ಟೂ ಬಂತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಅವನು ಬೇಕಾದಷ್ಟು ಕಂಡಿದ್ದ. ಈ ಮನುಷ್ಯ ಕುಂಬಳಕಾಯಿ ಹೊರದೆಯೇ ಹೆಗಲು ಒಡ್ಡುತ್ತಿದ್ದಾನಲ್ಲ! ಮಾಸ್ತರರನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿ, ಕೆರಿಯಪ್ಪನನ್ನು ಕರೆದುಕೊಂಡು ಒಂದೂವರೆಯ ಬಸ್ಸಿಗೆ ಸಿದ್ದಾಪುರದ ಕಡೆಗೆ ಹೊರಟ.

ಮಾಸ್ತರರ ಹೆಂಡತಿ ತಿಮ್ಮಿ ಅಂಗಳದಲ್ಲಿ ಭತ್ತ ಹರವುತ್ತಿದ್ದಳು. ಗಂಡ ಶನಿವಾರ ಮಧ್ಯಾಹ್ನವೇ ಮನೆಗೆ ಬಂದು, ಈ ದಿನ ಬೆಳಗಿನ ಮೊದಲ ಬಸ್ಸಿಗೇ ತಿರುಗಿ ಹೋದದ್ದಾಗಿ ಹೇಳಿದಳು. ನೆರೆಮನೆಯ ಇಬ್ಬರು ಹೌದೆಂದರು. ಹಲಗೆಯ ಮೇಲಿನ ತಾರೀಖಿನ ಮಾತು ತೆಗೆದಾಗ ಅವಳ ಮುಖ ಅರಳಿತು. ಬನವಾಸಿ ಕಡೆಯ ಹಳ್ಳಿಯಲ್ಲಿ ಹನ್ನೊಂದು ವರ್ಷ ಶಾಲೆ ನಡೆಸಿದಾಗ ಮಾಡಿದ ರೂಢಿಯಂತೆ ಅದು. ಕಟ್ಟಕಡೆಗೆ ಹೊರಡುವ ಹುಡುಗ ತಾರೀಖು ಬರೆಯಬೇಕು. ಬರೆದವನು ಮರುದಿನ ಶಾಲೆ ತಪ್ಪಿಸುವುದಿಲ್ಲ ಎಂಬುದು ಮಾಸ್ತರರ ನಂಬಿಕೆ.

"ಅಲ್ಲಿ ಕಲ್ತ ಹುಡುಗ್ರಲ್ಲಿ ಒಬ್ಬ ಈಗ ಇವ್ರಿಗೇ ಪಾಠ ಹೇಳ್ತಾನೆ," ಅಂದಳು ಹೆಮ್ಮೆಯಿಂದ. "ಅದೇ ಕಾಲೇಜಲ್ಲಿ. ಚನ್ನಯ್ಯ ಅಂತ."

ಸಂಜೆ ಆರಕ್ಕೆ ಅಧ್ಯಾಪಕ ಚನ್ನಯ್ಯನ ಬಾಡಿಗೆ ಕೋಣೆಯ ಬಾಗಿಲು ತಟ್ಟಿದರು. ಇಪ್ಪತ್ತೇಳರ ತರುಣ. ಪೊಲೀಸರನ್ನು ಕಂಡು ಒಳಗೆ ಹೋಗಿ, ಟ್ರಂಕಿನಿಂದ ರಿಜಿಸ್ಟರು ತಂದು ಮೇಜಿನ ಮೇಲಿಟ್ಟ. ಧೋತರದಲ್ಲಿ ಸುತ್ತಿಟ್ಟಿದ್ದ, ಒಂದು ಹಾಳೆಯೂ ಮುಕ್ಕಾಗಿರಲಿಲ್ಲ.

"ತಾರೀಖು ಯಾಕ ಬರದಿ?" ಎಂದು ಶಿವಲಿಂಗಪ್ಪ ಕೇಳಿದ.

"ಬರದದ್ದು ನನಗ ನೆನಪೇ ಇಲ್ರಿ."

ಆಮೇಲೆ ಅವನೇ ಒಂದೊಂದಾಗಿ ಹೇಳಿದ. ಅಪ್ಪ ಸತ್ತ ವರ್ಷ ಶಾಲೆ ಬಿಟ್ಟವನನ್ನು ಮಾಸ್ತರರು ಮನೆಗೆ ಬಂದು ಕೈಹಿಡಿದು ಕರೆದೊಯ್ದಿದ್ದರು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಯವರೆಗೆ ತಮ್ಮ ಮನೆಯಲ್ಲೇ ಉಣ್ಣಿಸಿದ್ದರು. ಈಗ ಅವರ ಹತ್ತೂ ಪಾಠಗಳಿಗೆ ಪರೀಕ್ಷಕನಾಗಿ ಹಿಂದಿನ ಬೆಂಚಿನಲ್ಲಿ ಕೂತದ್ದು ಇವನೇ. ಮಾಸ್ತರರು ಟಿಪ್ಪಣಿ ಬದಿಗಿಟ್ಟು ಹಿಂದುಳಿದ ಒಂದು ಮಗುವಿನ ಹತ್ತಿರ ಕೂತುಬಿಡುತ್ತಿದ್ದರು, ಗಂಟೆ ಹೊಡೆದರೂ ಪಾಠ ಮುಗಿಯುತ್ತಿರಲಿಲ್ಲ. ನಿಯಮದ ಪ್ರಕಾರ ಬಂದದ್ದು ನಲವತ್ತೊಂದು.

ನಾಲ್ಕು ಮಾರ್ಕು ಹೆಚ್ಚು ಹಾಕಿದ್ದರೆ ಈ ರಂಪ ಯಾವುದೂ ಇರುತ್ತಿರಲಿಲ್ಲವಲ್ಲ ಎಂದು ಶಿವಲಿಂಗಪ್ಪ ಕೇಳಿದ.

"ಸುಳ್ಳು ಮಾರ್ಕ್ ಬರೀಲಿಕ್ಕೆ ಕೈ ಬರಲಿಲ್ರಿ. ರಿಜಿಸ್ಟರ್ ಇರದಿದ್ರ ಎಲ್ಲಾರಿಗೂ ಇನ್ನೊಂದ್ಸಲ ಪಾಠ ಇಡ್ತಾರ, ಬ್ಯಾರೆ ಪರೀಕ್ಷಕರು ಬರ್ತಾರ ಅಂದ್ಕೊಂಡೆ."

ಆರೂ ನಲವತ್ತಕ್ಕೆ ದಸ್ತಗಿರಿ ಆಯಿತು. ಏಳಕ್ಕೆ ಚನ್ನಯ್ಯ ಠಾಣೆಯ ಮೆಟ್ಟಿಲು ಹತ್ತುವಾಗ ಮಾಸ್ತರರು ಬೆಂಚಿನಿಂದ ಎದ್ದು ನಿಂತರು. ಶಿಷ್ಯ ತಲೆ ತಗ್ಗಿಸಿದ.

"ಎಷ್ಟು ಕೊಟ್ಟಿದ್ಯೋ?" ಎಂದು ಮಾಸ್ತರರು ಮೆಲ್ಲಗೆ ಕೇಳಿದರು.

"ನಲವತ್ತೊಂದ್ರಿ."

"ಸಮಾ ಇದೆ. ಹೆಚ್ಚು ಕೊಟ್ಟಿದ್ರೆ ನಾ ಕಲ್ಸಿದ್ದು ಸುಳ್ಳಾಗ್ತಿತ್ತು. ಕದ್ದು ತಪ್ಪು ಮಾಡ್ದೆ ಮಗಾ."

ಅಷ್ಟು ಹೇಳಿ ಮಾಸ್ತರರು ಕೂತುಬಿಟ್ಟರು. ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ಗದರಬೇಕೆಂದಿದ್ದ ಶಿವಲಿಂಗಪ್ಪ ಅದನ್ನು ಅಲ್ಲಿಗೇ ಬಿಟ್ಟ. ಕೆರಿಯಪ್ಪನನ್ನು ಕರೆದು ಇಬ್ಬರಿಗೂ ಚಹಾ ತರಿಸಿದ.

ಬುಧವಾರ ಕಮಿಟಿ ರಿಜಿಸ್ಟರು ನೋಡಿ ನಾಗಪತಿಯ ಹೆಸರು ಹೊಡೆದುಹಾಕಿತು. ಆ ಸಂಜೆ ಶಿವಲಿಂಗಪ್ಪ ಕೇಸ್ ಡೈರಿ ತೆಗೆದು ಕೂತ. ಆಪಾದಿತನ ಉದ್ದೇಶ ಎಂಬಲ್ಲಿ, ತಾನು ಗುರುವಿಗೆ ಕೊಟ್ಟ ಮಾರ್ಕು ಸರಿಯೆಂದು, ಅದನ್ನು ತಿದ್ದಲಾಗದೆಂದು ಗೊತ್ತಿದ್ದರಿಂದ, ಎಂದು ಬರೆದ. ಕೋರ್ಟಿನಲ್ಲಿ ಇದು ಯಾರಿಗೂ ಅರ್ಥವಾಗದು ಎಂದು ಕೆರಿಯಪ್ಪ ಆಕ್ಷೇಪಿಸಿದ. ಇರಲಿ ಬಿಡು ಎಂದು ಶಿವಲಿಂಗಪ್ಪ ಕೆಳಗೆ ಸಹಿ ಹಾಕಿದ.