ಮೂರು ದಿನದ ಪುಡಿ, ತಿಂಗಳ ಬಾವು

"ನಾನು ವಿಷ ಹಾಕಿದೀನಂತೆ ಅಮ್ಮಾ! ಸಂಜೆಯೊಳಗೆ ಮನೆ ಬಿಡ್ಬೇಕಂತೆ!" ಎನ್ನುತ್ತ ಹೆಣ್ಣುಮಗಳೊಬ್ಬಳು ನಮ್ಮ ಬಾಗಿಲಲ್ಲೇ ಕುಸಿದಳು.

ನನ್ನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಕಾಂಪೌಂಡರಮ್ಮನವರು ಮೂವತ್ತು ವರ್ಷ ಔಷಧವನ್ನು ಅಳೆದು ಕೊಟ್ಟವರು. ಅಷ್ಟೇ ಕಾಲ ಜನರ ಸುಳ್ಳನ್ನೂ ಅಳೆದವರು. ಹಳೆಯ ಹಸ್ತಪ್ರತಿಗಳನ್ನು ಓದಿ ಕಣ್ಣು ಸವೆಸಿದ ನಾನು ಅವರ ಇಂಥ ಕಾರ್ಯಗಳಿಗೆ ದೇವರೇ ನೇಮಿಸಿದ ಸಾಕ್ಷಿ.

ಆ ಹೆಣ್ಣುಮಗಳ ಮಾವ ತರಕಾರಿ ಮಂಡಿಯಲ್ಲಿ ಹರಾಜು ಕೂಗುವವರು. ಹಿಂದಿನ ಬೆಳಿಗ್ಗೆ ಈರುಳ್ಳಿಯ ರಾಶಿಗೆ ಕೂಗು ಹಾಕುತ್ತಿದ್ದಾಗ ಕೈಕಾಲು ಸೋತು ಕಟ್ಟೆಯಿಂದ ಉರುಳಿದ್ದರು. ರಕ್ತದಲ್ಲಿ ಪೊಟ್ಯಾಸಿಯಂ ಪಾತಾಳಕ್ಕಿಳಿದಿದೆ, ಹೊಟ್ಟೆಗೆ ಬೇರೇನೋ ಹೋಗಿದೆ ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದೇ ತಡ, ಅತ್ತೆಯ ಕೈಗೆ ಸೊಸೆಯ ಪುಡಿಯ ಡಬ್ಬಿ ಸಿಕ್ಕಿತ್ತು.

"ಕೆಮ್ಮಿಗೆ ಅಂತ ನಾಟಿ ವೈದ್ಯರ ಹತ್ರ ತಂದಿದ್ದು, ಜ್ಯೇಷ್ಠಮಧು ಪುಡಿ. ಏಳು ದಿನ ಕೊಡು ಅಂದಿದ್ರು. ಮೂರೇ ದಿನ ಕೊಟ್ಟಿದ್ದು."

"ಮಾವನಿಗೆ ಬಿ.ಪಿ. ಮಾತ್ರೆ ನಡೀತಿದೆ ಅಂತ ಆ ವೈದ್ಯರಿಗೆ ಹೇಳಿದ್ಯಾ?"

"ಅವರು ಕೇಳ್ಲಿಲ್ಲ."

ಕಾಂಪೌಂಡರಮ್ಮ ಹಣೆ ಚಚ್ಚಿಕೊಂಡರು. "ಅವರಿಗೆ ಕೇಳೋ ಬುದ್ಧಿ ಇಲ್ಲ, ನಿನಗೆ ಹೇಳೋ ಬುದ್ಧಿ ಇಲ್ಲ. ನಡೀರಿ ಪಂಡಿತರೇ."

ಅವಳ ಮನೆಯಲ್ಲಿ ಅತ್ತೆ ಆಸ್ಪತ್ರೆಗೆಂದು ಫ್ಲಾಸ್ಕಿಗೆ ಚಹಾ ತುಂಬುತ್ತಿದ್ದರು. ಗಂಡನಿಗೆ ನೀವೇನು ಕೊಡ್ತೀರಿ ಎಂದು ಕಾಂಪೌಂಡರಮ್ಮ ಕೇಳಿದ್ದಕ್ಕೆ ರೇಗಿದರು. "ನಾನೇನು ಕೊಡ್ತೀನಿ? ಡಾಕ್ಟ್ರು ಬೇಡ ಅಂದ ಮೇಲೆ ಎರಡು ತಿಂಗಳಿಂದ ಒಂದು ಹರಳು ಸಕ್ಕರೆ ಹಾಕಿಲ್ಲ. ಕುಡಿದು ನೋಡಿ ಬೇಕಾದ್ರೆ!"

ಕುಡಿದೆ. ಸಿಹಿ ನಾಲಿಗೆಯಿಂದ ಇಳಿಯಲೇ ಇಲ್ಲ. ಪತಿಪ್ರೇಮದಿಂದ ಸಕ್ಕರೆ ಕದ್ದು ಹಾಕುವ ಸಾಧ್ವಿ ಎಂದು ನಾನು ಭಾವಿಸಿದೆ. ಕಾಂಪೌಂಡರಮ್ಮ ಗುಟುಕು ಹೀರಿ, ಮುಖ ಹಿಂಡಿ, "ಇದನ್ನ ನಾನೇ ತರ್ತೀನಿ" ಎಂದು ಫ್ಲಾಸ್ಕನ್ನು ಕಂಕುಳಿಗಿಟ್ಟರು.

ಹೊಸಿಲ ಬಳಿ ಮಾವನ ಚಪ್ಪಲಿಯಿತ್ತು. ಪಟ್ಟಿಯ ಕೊನೆಯ ತೂತಿನಾಚೆ ಇನ್ನೊಂದು ತೂತನ್ನು ಕೊರೆಸಲಾಗಿತ್ತು. ಅದರ ಅಂಚೂ ಸವೆದಿತ್ತು.

"ಇದು ಯಾವಾಗ ಕೊರೆಸಿದ್ದು?"

"ಕಾಲು ಊದ್ತಿತ್ತು ಅಂತ. ತಿಂಗಳ ಮೇಲಾಯ್ತು," ಎಂದ ಅವರ ಮಗ, ಸೊಸೆಯ ಗಂಡ.

ಅಲ್ಲಿಂದ ಮಂಡಿಗೆ. ಹರಾಜಿನ ಕಟ್ಟೆಯ ಹಿಂದೆ ಹಳದಿ ನಾರಿನ ಗುಪ್ಪೆ ಬಿದ್ದಿತ್ತು. ಮೂಟೆಯ ಹಗ್ಗದ ಚೂರೆಂದೆ.

"ಹಗ್ಗದ ಮೇಲೆ ಹಲ್ಲಿನ ಗುರುತು ಇರುತ್ತಾ ಪಂಡಿತರೇ? ನಿಮ್ಮ ವಿದ್ಯೆಗಿಷ್ಟು!"

ಸಂಜೆ ಆಸ್ಪತ್ರೆಯ ಮಂಚದ ಸುತ್ತ ಎಲ್ಲರೂ ನೆರೆದರು: ಡಾಕ್ಟರು, ಅತ್ತೆ, ಮಗ, ಬಟ್ಟೆಯ ಚೀಲ ಹೆಗಲಿಗೇರಿಸಿ ನಿಂತ ಸೊಸೆ. ಒಂದು ಕೆನ್ನೆ ಉಬ್ಬಿದ್ದ ಹರಾಜಿನವರು "ಬನ್ನಿ, ಬನ್ನಿ" ಎಂದು ಗೊಗ್ಗರು ದನಿಯಲ್ಲಿ ಕರೆದರು.

"ಮೊದಲು ಬಾಯಲ್ಲಿರೋದನ್ನ ಉಗೀರಿ," ಎಂದು ಕಾಂಪೌಂಡರಮ್ಮ ಅಂಗೈ ಚಾಚಿದರು.

ಅದರ ಮೇಲೆ ಬಿದ್ದದ್ದು ಅಗಿದ ಹಳದಿ ಬೇರು.

"ಗಂಟಲಿಗೆ ಅಂತ ಅಮ್ಮಾ. ನಮ್ಮ ಕಸುಬಲ್ಲಿ ಎಲ್ಲರೂ ಅಗೀತಾರೆ. ಹತ್ತು ರಾಶಿಗೊಂದು ಕಡ್ಡಿ."

"ದಿನಕ್ಕೆಷ್ಟು ರಾಶಿ?"

"ಎಂಬತ್ತು."

ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಬೇರೆ ಔಷಧಿ ತಗೋತೀರಾ ಅಂತ ಮೂರು ಸಲ ಕೇಳಿದ್ನಲ್ರೀ!"

"ಬೇರು ಔಷಧಿನಾ ಸ್ವಾಮಿ?"

"ಇದೇ ಜ್ಯೇಷ್ಠಮಧು ಬೇರು ಈ ಚಹಾದಲ್ಲೂ ಕುದ್ದಿದೆ," ಎಂದು ಕಾಂಪೌಂಡರಮ್ಮ ಫ್ಲಾಸ್ಕನ್ನು ಕುಕ್ಕಿದರು. "ಸಕ್ಕರೆ ಸಿಹಿ ನಾಲಿಗೆಗೆ ಹೀಗೆ ಅಂಟಿಕೊಂಡು ಕೂರಲ್ಲ. ಏನು ತಾಯಿ?"

ಅತ್ತೆ ಸೆರಗನ್ನು ಬಾಯಿಗೊತ್ತಿದರು. "ಬರೀ ಚಹಾ ಇಳಿಯಲ್ಲ ಅಂತ ಗೊಣಗ್ತಿದ್ರು. ಬೇರು ಸಕ್ಕರೆ ಅಲ್ವಲ್ಲ!"

ಒಬ್ಬರ ಪಾಲಿಗೆ ಅದು ಔಷಧವಲ್ಲ, ಇನ್ನೊಬ್ಬರ ಪಾಲಿಗೆ ಸಕ್ಕರೆಯಲ್ಲ; ದೇಹಕ್ಕೆ ಮಾತ್ರ ಈ ತರ್ಕ ತಿಳಿಯದು.

"ಜ್ಯೇಷ್ಠಮಧು ಕೆಟ್ಟದ್ದಲ್ಲ," ಎಂದರು ಕಾಂಪೌಂಡರಮ್ಮ. "ಗಂಟಲಿಗೆ, ಕೆಮ್ಮಿಗೆ ಹಿತ. ಆದ್ರೆ ಅಳತೆ ಇರ್ಬೇಕು, ಇಷ್ಟೇ ದಿನ ಅಂತ ಇರ್ಬೇಕು. ಅತಿಯಾದ್ರೆ ಮೈಯಲ್ಲಿ ಉಪ್ಪು, ನೀರು ನಿಂತು ಕಾಲು ಊದುತ್ತೆ, ಬಿ.ಪಿ. ಏರುತ್ತೆ, ಪೊಟ್ಯಾಸಿಯಂ ಸೋರಿಹೋಗುತ್ತೆ. ಸಾಲದ್ದಕ್ಕೆ ಇವರ ಬಿ.ಪಿ. ಮಾತ್ರೆ ನೀರು ಇಳಿಸೋದು. ಅದೂ ಪೊಟ್ಯಾಸಿಯಂ ಕಳೆಯುತ್ತೆ. ಬಿ.ಪಿ. ಇರೋರಿಗೆ ಇದನ್ನ ಕೇಳದೆ ಕೊಡಲೇಬಾರದು. ನಿನಗೂ ಸೇರಿಸಿ ಹೇಳ್ತಿದೀನಿ ಮಗೂ. ಆದ್ರೆ ನಿನ್ನ ಪುಡಿ ಮೂರು ದಿನದ್ದು, ಚಪ್ಪಲಿ ತೂತು ತಿಂಗಳ ಹಿಂದಿನದು. ಮೊನ್ನೆ ಕೊಟ್ಟ ಪುಡಿ ಹೋದ ತಿಂಗಳು ಕಾಲು ಊದಿಸುತ್ತೇನ್ರಪ್ಪಾ?"

ಮಗ ನೆಲ ನೋಡಿದ. ಸೊಸೆ ಚೀಲವನ್ನು ಇಳಿಸಲಿಲ್ಲ.

ಹರಾಜಿನವರು ದಿಂಬಿಗೊರಗಿ ಎದ್ದು ಕೂತರು. ಕೆನ್ನೆ ಖಾಲಿಯಾಗಿತ್ತು, ದನಿ ಒಡೆದಿತ್ತು.

"ತಪ್ಪಿನದೊಂದು ರಾಶಿ ಬಿದ್ದಿದೆ. ಬೇರು ಅಗಿದದ್ದು ನನ್ನದು, ತಗೊಂಡೆ. ಸೊಸೆ ಮೇಲೆ ಹೊರಿಸಿದ್ದು ಉಳಿದಿದೆ. ಯಾರು ತಗೋತೀರಿ? ಒಂದು ಸಾರಿ... ಎರಡು ಸಾರಿ..."

ಮೂರನೆಯ ಕೂಗಿಗೆ ಮೊದಲೇ ಅತ್ತೆಯ ಕೈ ಮೇಲೆದ್ದಿತು. ಆಮೇಲೆ ಅದೇ ಕೈ ಇಳಿದು, ಸೊಸೆಯ ಹೆಗಲ ಚೀಲವನ್ನು ತನ್ನ ಹೆಗಲಿಗೆ ತೆಗೆದುಕೊಂಡಿತು.