ಐವತ್ತೆರಡನೆಯ ನಿಮಿಷದಲ್ಲಿ ಎದ್ದುಹೋದವರು

ನಲವತ್ತು ಲಕ್ಷ ಮಂದಿ ಕಾಣೆಯಾಗಿದ್ದರು!

ಬೆಳಗ್ಗೆ ಹತ್ತಕ್ಕೆ ವರದಿ ತೆರೆದ ನಿರ್ದೇಶಕಿ ಅಂಕಿಯನ್ನು ಎರಡೆರಡು ಸಲ ಓದಿದಳು. ಸೇತುವೆ ಕಟ್ಟುವವರ ಬಗ್ಗೆ ಆಕೆ ತೆಗೆದ ಎಂಟು ಕಂತಿನ ವೆಬ್ ಸರಣಿ ಅದು. ಏಳನೆಯ ಕಂತಿನವರೆಗೂ ಐವತ್ತು ಲಕ್ಷ ಜನ ಜೊತೆಗಿದ್ದರು. ಎಂಟನೆಯದನ್ನು ಪೂರ್ತಿ ನೋಡಿದವರು ಬರೀ ಹತ್ತು ಲಕ್ಷ. ಅರ್ಧದಷ್ಟು ಜನರಾದರೂ ಮುಗಿಸದ ಸರಣಿಗೆ ಎರಡನೆಯ ಭಾಗವಿಲ್ಲ. ಪ್ರಸಾರ ಮಾಡುವ ಸಂಸ್ಥೆಯ ಕಟ್ಟುಪಾಡು ಅದು. ಮೂರು ಗಂಟೆಯ ಸಭೆಯಲ್ಲಿ ತೀರ್ಮಾನ.

"ಯಾರೋ ಅಂಕಿ ತಿದ್ದಿದ್ದಾರೆ," ಎಂದಳು ವೀಕ್ಷಕರ ಲೆಕ್ಕ ನೋಡುವ ಪರಿಶೀಲಕಿಗೆ. ಪರದೆಯ ಮೇಲಿನ ಗೆರೆ ನೋಡಿಯೇ ರೋಗ ಹೇಳುವ ಈಕೆಯನ್ನು ಕಚೇರಿಯವರೆಲ್ಲ 'ಗೆರೆಯಕ್ಕ' ಎನ್ನುತ್ತಿದ್ದರು.

"ಅನುಮಾನ ಯಾರ ಮೇಲೆ?"

"ಸಂಸ್ಥೆಯ ಮುಖ್ಯಸ್ಥರ ಮೇಲೆ. ನಮ್ಮ ಕಥೆ ಕಂಡರೆ ಅವರಿಗಾಗಲ್ಲ."

ಮುಖ್ಯಸ್ಥರು ಕೈಚೆಲ್ಲಿದರು. "ಎಣಿಸೋದು ಯಂತ್ರ ಕಣಮ್ಮಾ. ಅದನ್ನ ಮುಟ್ಟೋ ಅಧಿಕಾರ ನನಗೂ ಇಲ್ಲ. ಬೇಕಿದ್ರೆ ನೋಡ್ಕೊಳ್ಳಿ."

ನೋಡಿದರು. ಅಂಕಿಗಳನ್ನು ಯಾರೂ ಮುಟ್ಟಿರಲಿಲ್ಲ.

ಹಾಗಾದರೆ ಕಥೆಯೇ ಕೈಕೊಟ್ಟಿತೆ? ನಿರ್ದೇಶಕಿ ಸಂಕಲನದ ಕೋಣೆಗೆ ಓಡಿದಳು. ಅಲ್ಲಿದ್ದದ್ದು ಅವಳ ಸೋದರಮಾವ. ಅವಳಿಗೆ ಕೆಲಸ ಕಲಿಸಿದವನು, ಸರಣಿಯ ಸಂಕಲನಕಾರ.

"ಮಾವ, ನಿಜ ಹೇಳು. ಕೊನೇ ಕಂತು ಬೇಜಾರಾಯ್ತಾ?"

"ನೀನು ತೆಗೆದಿದ್ದರಲ್ಲಿ ಅದೇ ಚೆನ್ನಾಗಿರೋದು, ಪುಟ್ಟಿ," ಎಂದವನು ಕನ್ನಡಕ ಒರೆಸುತ್ತ ಕೂತ. ಮುಖ ಮಾತ್ರ ಎತ್ತಲಿಲ್ಲ.

ಎರಡೂವರೆಗೆ ಗೆರೆಯಕ್ಕ ಮೂವರನ್ನೂ ಕರೆಸಿ, ಗೋಡೆಯಗಲದ ಪರದೆಯಲ್ಲಿ ಎಂಟನೆಯ ಕಂತನ್ನು ಬಿಡಿಸಿಟ್ಟಳು. ಯಾವ ನಿಮಿಷದಲ್ಲಿ ಎಷ್ಟು ಜನ ನೋಡುತ್ತಿದ್ದರೆಂದು ತೋರಿಸುವ ಗೆರೆ; ಐವತ್ತು ಲಕ್ಷದಲ್ಲಿ ಅಲುಗದ ನೀರಿನಂತೆ ನೇರ. ಐವತ್ತೆರಡನೆಯ ನಿಮಿಷದಲ್ಲಿ ಕಡಿದಾದ ಪ್ರಪಾತ!

ನಿರ್ದೇಶಕಿ ಪರದೆಯ ಹತ್ತಿರಕ್ಕೆ ಹೋದಳು. ಎಲ್ಲೆಲ್ಲಿಯವರೋ, ಪರಸ್ಪರ ಮುಖ ಕಾಣದವರು—ಇಷ್ಟು ಜನ ಒಟ್ಟಿಗೇ?

"ಎಲ್ಲರೂ ಅಂಕಿ ನೋಡಿದ್ರಿ, ಗೆರೆ ನೋಡಲಿಲ್ಲ," ಎಂದಳು ಗೆರೆಯಕ್ಕ. "ಬೇಜಾರಾದವರು ಒಬ್ಬೊಬ್ಬರಾಗಿ ಜಾರ್ಕೊಳ್ತಾರೆ. ಆಗ ಗೆರೆ ಇಳಿಜಾರಾಗುತ್ತೆ. ಎಲ್ಲರೂ ಒಟ್ಟಿಗೆ ಏಳೋದು ಯಾವಾಗ?"

"ಕಥೆ ಮುಗಿದಾಗ..." ಎಂದಳು ನಿರ್ದೇಶಕಿ.

"ಹೌದು. ಎಲ್ಲರೂ ಕಥೆ ಪೂರ್ತಿ ನೋಡೇ ಎದ್ದಿದ್ದಾರೆ. ಸಾಮಾನ್ಯವಾಗಿ ಕಥೆ ಮುಗಿದಲ್ಲಿ ಒಂದು ಗುರುತು ಇಡ್ತಾರೆ. ಅದನ್ನ ಮುಟ್ಟಿದವರನ್ನ ಮಾತ್ರ ಯಂತ್ರ ಎಣಿಸುತ್ತೆ. ಈ ಕಂತಿನ ಗುರುತು ಇರೋದು ಅರವತ್ತೊಂದನೇ ನಿಮಿಷದಲ್ಲಿ, ಕೆಲಸ ಮಾಡಿದವರ ಹೆಸರೆಲ್ಲ ಮುಗಿದ ಮೇಲೆ. ಅದನ್ನ ಇಡೋ ಕೈ ಒಂದೇ." ಅವಳು ಸಂಕಲನಕಾರನತ್ತ ತಿರುಗಿದಳು. "ಯಾಕೆ, ಸ್ವಾಮಿ?"

ಮಾವ ಎದ್ದು ನಿಂತ. "ಗುರುತು ಬಂದ ತಕ್ಷಣ ಮುಂದಿನ ಕಾರ್ಯಕ್ರಮ ನುಗ್ಗಿಬಿಡುತ್ತೆ. ಬಡಗಿ, ದರ್ಜಿ, ದೀಪ ಹಿಡಿದವರು—ನಾನೂರು ಜನ. ಅವರ ಹೆಸರು ಯಾರ ಕಣ್ಣಿಗೂ ಬೀಳಲ್ಲ. ಒಂದ್ಸಲ ಬೀಳಲಿ ಅಂತ... ಎಣಿಕೆಗೆ ಏಟು ಬೀಳುತ್ತೆ ಅಂತ ಗೊತ್ತಿರಲಿಲ್ಲ. ಬೆಳಗ್ಗೆ ಗೊತ್ತಾದಾಗ ಹೇಳೋಕೆ ಬಾಯಿ ಬರಲಿಲ್ಲ. ತಪ್ಪಾಯ್ತು ಪುಟ್ಟಿ."

ನಿರ್ದೇಶಕಿ ಅವನ ಪಕ್ಕಕ್ಕೆ ಬಂದು ನಿಂತಳು.

ಮುಖ್ಯಸ್ಥರು ಪರದೆಯ ಬಳಿ ಸರಿದರು. "ಅಂದ್ರೆ ಈ ಹತ್ತು ಲಕ್ಷ ಜನ, ಒಂಬತ್ತು ನಿಮಿಷ ಬರೀ ಹೆಸರು ಓದ್ತಾ ಕೂತಿದ್ರಾ?"

"ಇನ್ನೂ ಇದೆ, ನೋಡಿ." ಗೆರೆಯಕ್ಕ ಪ್ರಪಾತದಾಚೆಯ ಗೆರೆಯನ್ನು ಹಿಗ್ಗಿಸಿದಳು. ಅದರ ಉದ್ದಕ್ಕೂ ಸಣ್ಣ ಸಣ್ಣ ಮೊಳಕೆಗಳು ಮೇಲೆದ್ದಿದ್ದವು. "ಒಂದೊಂದು ಹೆಸರಿನ ಹತ್ತಿರಾನೂ ಯಾರೋ ಹಿಂದಕ್ಕೆ ತಿರುಗಿಸಿ, ಮತ್ತೆ ಮತ್ತೆ ನೋಡಿದ್ದಾರೆ."

"ಯಾರು?"

"ಯಂತ್ರಕ್ಕೆ ಗೊತ್ತಿಲ್ಲ. ಮನೆಯವರು ಅಂತ ನನ್ನ ಊಹೆ."

ಮುಖ್ಯಸ್ಥರು ಮೂರು ಗಂಟೆಯ ಸಭೆಯ ಕಡತ ಮುಚ್ಚಿದರು. "ಎರಡನೇ ಭಾಗ ಶುರು ಮಾಡಿ. ಗುರುತು ಕಥೆ ಮುಗಿದಲ್ಲೇ ಇರಲಿ. ಆದ್ರೆ ಹೆಸರು ಮುಗಿಯೋವರೆಗೂ ಬೇರೇನೂ ನುಗ್ಗಬಾರದು, ಅದು ನನ್ನ ಹೊಣೆ."

ಮಾವ ಅದನ್ನು ಕೇಳಿಸಿಕೊಂಡನೋ ಇಲ್ಲವೋ. ಮೊದಲ ಮೊಳಕೆಯ ಪಕ್ಕದಲ್ಲಿ ಹಿಂದಕ್ಕೆ ತಿರುಗಿಸಿ ನೋಡಿದ ಲೆಕ್ಕವಿತ್ತು; ಅದರ ಮೇಲೆ ಬೆರಳಿಟ್ಟಿದ್ದ.

"ಇದು ನಮ್ಮ ಬಡಗಿ. ನೋಡಿದ್ದು ಅವನ ತಾಯಿ ಇರಬೇಕು, ಪುಟ್ಟಿ. ಹನ್ನೊಂದು ಸಲ!"